ಮೋರಿ ಕಟ್ಟಿದರೆ ಯಾರ ಕೈ, ಎಲ್ಲಿಯವರೆಗೆ?

ಊರಿನ ಮನೆಗಳಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವ ಪ್ರಮೇಯವೇ ಇರಲಿಲ್ಲ. ಗೋಡೆಯ ಬುಡದ ತೂಬಿನಿಂದ ಹೊರಬಿದ್ದ ನೀರು ಹಿತ್ತಲಿನ ಬಾಳೆಯ ಬುಡಕ್ಕೋ, ಕೆಸುವಿನ ಪಾತಿಗೋ, ತೆಂಗಿನ ಕಟ್ಟೆಗೋ ಹರಿದು ಇಂಗುತ್ತಿತ್ತು. ಬೆಳಿಗ್ಗೆ ಹರಿದ ನೀರು ಸಂಜೆಗೆ ಕಾಣುತ್ತಿರಲಿಲ್ಲ. ಅಂಥ ಮನೆಗಳಿಂದ ಹೊರಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಖೋಲಿ ಹಿಡಿದ ನಮ್ಮವರಿಗೆ, ನೆಲದ ಮೂಲೆಯ ಒಂದು ರಂಧ್ರದಲ್ಲಿ ಇಡೀ ಮನೆಯ ನೀರು ಮಾಯವಾಗುವುದು ಮೊದಮೊದಲು ಸೋಜಿಗವೇ ಸರಿ. ಮಾಯವಾಗುವಷ್ಟು ದಿನ ಅದರ ಯೋಚನೆ ಯಾರಿಗೂ ಇಲ್ಲ. ಒಂದು ದಿನ ಅದು ಇಳಿಯದೆ ನಿಂತು, ಪಾದ ಮುಳುಗಿ, ಕೆಳಗಿನ ಖೋಲಿಯವರು ತಮ್ಮ ತಲೆಯ ಮೇಲೆ ತೊಟ್ಟಿಕ್ಕುತ್ತಿದೆಯೆಂದು ಜಗಳಕ್ಕೆ ಬಂದಾಗ ಮಾತ್ರ ನೆಲದೊಳಗೆ ಏನೋ ಇದೆಯೆಂಬ ಅರಿವಾಗುತ್ತದೆ.

‘ಮೋರಿ’ ಎಂಬ ಶಬ್ದವೇ ಈ ಎರಡು ಲೋಕಗಳ ಅಂತರವನ್ನು ಹೇಳುತ್ತದೆ. ಕನ್ನಡದಲ್ಲಿ ಮೋರಿಯೆಂದರೆ ಬೀದಿ ಬದಿಯ ಚರಂಡಿ, ಇಲ್ಲವೆ ರಸ್ತೆಯ ಕೆಳಗಣ ನೀರ್ದಾರಿ. ಮರಾಠಿಯಲ್ಲಿ ಮೋರಿಯೆಂದರೆ ಮನೆಯೊಳಗಣ ತೊಳೆಯುವ ಮೂಲೆ. ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ‘ಹೋಗು, ಮೋರಿಯಲ್ಲಿ ಕೈ ತೊಳೆದುಕೊ’ ಎಂದರೆ ಅವನು ಬೆಚ್ಚಿಬೀಳುವುದು ಸಹಜ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ಜಾಗಕ್ಕೂ ಇದೇ ಹೆಸರು ನಿಂತಿದೆ. ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ತಮ್ಮ ಮುಂಬಯಿ ಜೀವನವನ್ನು ಆರಂಭಿಸಿದ್ದು ಈ ಮೋರಿಯಲ್ಲಿಯೇ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಉಚಿತ. ನೀರು ಕಟ್ಟಿಕೊಂಡಾಗ ನಮ್ಮ ಕೈಯಿಂದಲೇ ಆಗತಕ್ಕ ಕೆಲಸ ಯಾವುದು, ಪ್ಲಂಬರನನ್ನು ಕರೆಯತಕ್ಕ ಕೆಲಸ ಯಾವುದು, ಯಾವ ಮನುಷ್ಯನೂ ಮಾಡಬಾರದ ಕೆಲಸ ಯಾವುದು ಎಂಬ ಮೂರು ಗಡಿಗಳು ತಿಳಿದಿದ್ದರೆ ಹಣ ಉಳಿಯುತ್ತದೆ; ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ.

ಮೊದಲು ಆ ರಂಧ್ರದ ಕೆಳಗೆ ಏನಿದೆಯೆಂಬುದನ್ನು ನೋಡೋಣ. ಮೇಲಿನ ಜಾಲರಿಯನ್ನು ಎತ್ತಿದರೆ ಒಳಗೆ ಒಂದು ಬೋಗುಣಿಯಂಥ ಪಾತ್ರೆ, ಅದರಲ್ಲಿ ಸದಾ ನಿಂತ ನೀರು. ಇದಕ್ಕೆ ಮುಂಬಯಿಯಲ್ಲಿ ‘ನಹಾನಿ ಟ್ರ್ಯಾಪ್’ ಎನ್ನುತ್ತಾರೆ. ಮರಾಠಿಯ ನ್ಹಾಣಿ, ಎಂದರೆ ಸ್ನಾನದ ಸ್ಥಳ, ಎಂಬ ಮಾತಿಗೆ ಇಂಗ್ಲಿಷಿನ ಬಾಲ ಸೇರಿ ಆದ ಹೆಸರಿದು. ಅಲ್ಲಿ ನೀರು ನಿಂತಿರುವುದು ದೋಷವಲ್ಲ, ಅದು ನಿಲ್ಲಲೇಬೇಕು. ಸುಮಾರು 2 ಅಂಗುಲ, ಎಂದರೆ 50 ಮಿಲಿಮೀಟರು ಆಳದ ಆ ನೀರೇ ಮನೆಗೂ ಗಟಾರಕ್ಕೂ ನಡುವಿನ ಬಾಗಿಲು. ಮೇಲಿಂದ ಸುರಿದ ನೀರು ಅದನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ಆದರೆ ಗಟಾರದ ದುರ್ವಾಯು, ಜಿರಲೆ, ಹುಳುಹುಪ್ಪಟೆ ಅದನ್ನು ದಾಟಿ ಈಚೆಗೆ ಬರಲಾರವು. ಬೇಸಿನ್ನಿನ ಕೆಳಗೆ ಕೊಳವೆ ಡೊಂಕಾಗಿ ಬಾಗಿರುವುದೂ, ಪಾಯಿಖಾನೆಯ ಪಾತ್ರೆಯಲ್ಲಿ ನೀರು ನಿಂತಿರುವುದೂ ಇದೇ ಉದ್ದೇಶದಿಂದ. ಕೊಳವೆಯನ್ನು ಹೀಗೆ ಬಾಗಿಸಿ ನೀರಿನಿಂದಲೇ ನಾತವನ್ನು ತಡೆಯುವ ಶೌಚ ಸಾಧನಕ್ಕೆ 1775ರಲ್ಲಿ ಪೇಟೆಂಟ್ ಪಡೆದಾತ ಲಂಡನ್ನಿನಲ್ಲಿದ್ದ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್. ಗಡಿಯಾರದವನಿಗೆ ಪಾಯಿಖಾನೆಯ ಗೊಡವೆಯೇಕೆಂದು ನಗುವವರಿರಬಹುದು. ಎರಡೂವರೆ ಶತಮಾನ ಕಳೆದರೂ ಆ ಡೊಂಕು ಕೊಳವೆಯನ್ನು ಮೀರಿಸುವ ಉಪಾಯ ಇನ್ನೂ ಬಳಕೆಗೆ ಬಂದಿಲ್ಲವೆಂಬುದೇ ಅದಕ್ಕೆ ಉತ್ತರ.

ಈ ಬಾಗಿಲಿಗೆ ಒಂದು ದೌರ್ಬಲ್ಯವಿದೆ. ನೀರು ಆರಿಹೋದರೆ ಬಾಗಿಲು ತೆರೆದಂತೆಯೇ. ಮೇ ತಿಂಗಳಲ್ಲಿ ಖೋಲಿಗೆ ಬೀಗ ಹಾಕಿ ಸಂಸಾರ ಸಮೇತ ಊರಿಗೆ ಹೋಗಿ ತಿಂಗಳು ಬಿಟ್ಟು ಮರಳಿದವರಿಗೆ ಮನೆಯೊಳಗೆ ಕಾಲಿಡುತ್ತಲೇ ಮೂಗಿಗೆ ಬಡಿಯುವ ನಾತದ ಪರಿಚಯವಿದೆ. ಇಲಿ ಸತ್ತಿದೆಯೆಂದು ಕಪಾಟುಗಳ ಹಿಂದೆ ಹುಡುಕುವವರಿದ್ದಾರೆ. ಪ್ಲಂಬರನನ್ನು ಕರೆದು ದುಡ್ಡು ತೆತ್ತವರೂ ಇದ್ದಾರೆ. ಎಷ್ಟೋ ಸಲ ಇದಕ್ಕೆ ಔಷಧ ಒಂದು ಚೊಂಬು ನೀರು. ಊರಿಗೆ ಹೊರಡುವ ದಿನ ಪ್ರತಿಯೊಂದು ರಂಧ್ರಕ್ಕೂ ನೀರು ಹೊಯ್ದು, ಅದರ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ, ಎಣ್ಣೆಯ ಪೊರೆಯಿಂದಾಗಿ ನೀರು ಬೇಗ ಆರುವುದಿಲ್ಲ.

ಇದು ಬರಿಯ ನಾತದ ಮಾತೆಂದು ಯಾರೂ ತಿಳಿಯಬಾರದು. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿಸಮುಚ್ಚಯದಲ್ಲಿ ಸಾರ್ಸ್ ಜ್ವರ ಹಬ್ಬಿ ಮುನ್ನೂರಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು, ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ರೋಗ ಒಂದು ಮನೆಯಿಂದ ಇನ್ನೊಂದು ಮನೆಗೆ ಹೇಗೆ ಹೋಯಿತೆಂದು ಅಲ್ಲಿನ ಆರೋಗ್ಯ ಇಲಾಖೆ ಶೋಧಿಸಿದಾಗ ಬೆರಳು ತೋರಿದ್ದು ಬಚ್ಚಲುಮನೆಗಳ ನೆಲದ ಟ್ರ್ಯಾಪುಗಳ ಕಡೆಗೆ. ಅನೇಕ ಮನೆಗಳಲ್ಲಿ ಅವು ಒಣಗಿದ್ದವು. ಗಾಳಿ ಎಳೆಯುವ ಪಂಖ ತಿರುಗಿದಾಗ ಸಾಮೂಹಿಕ ಕೊಳವೆಯ ಹೊಲಸು ಹನಿಗಳು ಆ ದಾರಿಯಿಂದ ಮನೆಯೊಳಗೆ ಬಂದಿರಬೇಕೆಂಬುದು ಅವರ ನಿರ್ಣಯ. ಚೊಂಬು ನೀರಿನ ಬೆಲೆ ಇದರಿಂದ ತಿಳಿಯುತ್ತದೆ.

ಇನ್ನು ನೀರು ಕಟ್ಟಿಕೊಳ್ಳುವ ವಿಚಾರ. ಇಲ್ಲಿ ಗಾಬರಿಗಿಂತ ಮೊದಲು ಬೇಕಾದುದು ಪರೀಕ್ಷೆ. ಒಂದೇ ರಂಧ್ರದಲ್ಲಿ ನೀರು ನಿಂತು ಉಳಿದೆಡೆ ಸರಾಗವಾಗಿ ಹೋಗುತ್ತಿದ್ದರೆ ತಡೆ ಆ ರಂಧ್ರದ ಟ್ರ್ಯಾಪಿನಲ್ಲಿಯೇ ಇದೆ. ಕೂದಲು, ಸಾಬೂನಿನ ಚೂರು, ಶಾಂಪೂವಿನ ಹರಿದ ಪುಡಿಕೆ, ತೆಂಗಿನ ನಾರು, ಇವುಗಳ ಒಂದು ಗಂಟು ಅಲ್ಲಿ ಕುಳಿತಿರುತ್ತದೆ. ಜಾಲರಿ ತೆಗೆದು, ಕೈಗೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ ತೆಗೆದರೆ ಐದು ನಿಮಿಷದ ಕೆಲಸ. ಎರಡನೆಯದಾಗಿ, ನಮ್ಮ ಖೋಲಿಯ ಬಚ್ಚಲು, ಬೇಸಿನ್ನು ಎರಡೂ ಒಟ್ಟಿಗೆ ನಿಂತರೆ ತಡೆ ಅವು ಕೂಡುವ ಕೊಳವೆಯಲ್ಲಿದೆ. ರಬ್ಬರು ಬಟ್ಟಲಿಗೆ ಕೋಲು ಸಿಕ್ಕಿಸಿದ ಸಾಧನದಿಂದ ಒತ್ತಿ ನೋಡಬಹುದು. ಒತ್ತುವಾಗ ಇನ್ನೊಂದು ರಂಧ್ರವನ್ನು ಒದ್ದೆ ಬಟ್ಟೆಯಿಂದ ಮುಚ್ಚಿರಬೇಕು. ಇಲ್ಲವಾದರೆ ಒತ್ತಡವೆಲ್ಲ ಅತ್ತ ಹೊರಟುಹೋಗಿ ಶ್ರಮ ವ್ಯರ್ಥ. ನಾವು ಒಂದು ಹನಿ ನೀರನ್ನೂ ಚೆಲ್ಲದಿರುವಾಗ ಮೇಲಿನ ಮಾಳಿಗೆಯವರು ಸ್ನಾನ ಮಾಡಿದ ನೀರು ನಮ್ಮ ಮೋರಿಯಲ್ಲಿ ಉಕ್ಕಿ ಬಂದರೆ, ದೋಷ ನಮ್ಮದೂ ಅಲ್ಲ, ಅವರದೂ ಅಲ್ಲ. ಕಟ್ಟಡದ ನಿಲುಕೊಳವೆ ಇಲ್ಲವೆ ಅಂಗಳದ ಚೇಂಬರು ಕಟ್ಟಿಕೊಂಡಿದೆ. ಆಗ ನಮ್ಮ ಖೋಲಿಯಲ್ಲಿ ಎಷ್ಟು ಒತ್ತಿದರೂ ಫಲವಿಲ್ಲ. ಚಾಳಿನ ಮಾಲಿಕರಿಗೋ ಸೊಸೈಟಿಯ ಕಾರ್ಯದರ್ಶಿಗೋ ಬರಹದಲ್ಲಿ ತಿಳಿಸತಕ್ಕದ್ದು.

ಖರ್ಚು ಯಾರದೆಂಬ ಜಗಳ ಇಲ್ಲಿಯೇ ಹುಟ್ಟುವುದರಿಂದ ಒಂದು ಮಾತು. ಮಹಾರಾಷ್ಟ್ರದ ಸಹಕಾರಿ ಗೃಹಸಂಘಗಳ ಮಾದರಿ ಉಪನಿಯಮಗಳ ಪ್ರಕಾರ ಮುಖ್ಯ ಕೊಳವೆಗಳ ಹಾಗೂ ಹೊರಗೋಡೆಯ ಸೋರಿಕೆಯ ದುರಸ್ತಿ ಸಂಘದ ಖರ್ಚು. ಮನೆಯೊಳಗಿನ ಬಚ್ಚಲು, ಬೇಸಿನ್ನು, ಪಾಯಿಖಾನೆಗಳಿಂದಾದ ಸೋರಿಕೆ ಆ ಮನೆಯವರ ಖರ್ಚು. ಲೆಕ್ಕಪತ್ರ ಬಲ್ಲ ನಮ್ಮ ಗುಮಾಸ್ತ ಮಿತ್ರರು ಸೊಸೈಟಿಯ ಸಭೆಯಲ್ಲಿ ಕೂಗಾಡುವ ಮೊದಲು ಉಪನಿಯಮದ ಪುಸ್ತಕವನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಸೋರುವ ನಲ್ಲಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತಿರುಪಿನ ನಲ್ಲಿಯೊಳಗೆ ಬಿಲ್ಲೆಯಷ್ಟು ದೊಡ್ಡ ಒಂದು ವಾಷರ್ ಇರುತ್ತದೆ. ಅದು ಸವೆದಾಗ ಹನಿ ಬೀಳುತ್ತದೆ. ಹನಿ ನಿಲ್ಲಲೆಂದು ಬಲವಾಗಿ ತಿರುಚಿದಷ್ಟೂ ಒಳಗಿನ ಹಿತ್ತಾಳೆಯ ಆಸನವೇ ಹಾಳಾಗುತ್ತದೆ. ಆಮೇಲೆ ಹೊಸ ವಾಷರ್ ಹಾಕಿದರೂ ಸೋರಿಕೆ ತಪ್ಪದು. ನಷ್ಟವೆಷ್ಟೆಂದು ತಿಳಿಯಬೇಕಾದವರು ಕೆಳಗೆ ಒಂದು ಲೀಟರಿನ ಚೊಂಬು ಇಟ್ಟು ಗಡಿಯಾರ ನೋಡಲಿ. ಗಂಟೆಗೊಂದು ಚೊಂಬು ತುಂಬಿದರೆ ದಿನಕ್ಕೆ 24 ಲೀಟರು, ವರ್ಷಕ್ಕೆ 8,760 ಲೀಟರು. ಫ್ಲಶ್ ತೊಟ್ಟಿ ಒಳಗಿಂದೊಳಗೆ ಸೋರುತ್ತಿದೆಯೇ ಎಂಬ ಸಂಶಯವಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಆ ತೊಟ್ಟಿಗೆ ಬಿಟ್ಟು ಅರ್ಧ ಗಂಟೆ ಸುಮ್ಮನಿರಬೇಕು. ಸರಪಳಿ ಎಳೆಯದೆಯೇ ಕೆಳಗಿನ ಪಾತ್ರೆಯಲ್ಲಿ ನೀಲಿ ಕಂಡರೆ ಸಂಶಯ ನಿಜ.

ಇದಕ್ಕಿಂತ ಗಂಭೀರವಾದುದು ಕುಡಿಯುವ ನೀರಿನ ಕೊಳವೆ. ಅನೇಕ ಚಾಳುಗಳಲ್ಲಿ ಅದು ಗಟಾರದ ಬದಿಯಲ್ಲಿ, ಕೆಲವೆಡೆ ಗಟಾರದೊಳಗಿನಿಂದಲೇ ಹಾಯ್ದು ಬರುತ್ತದೆ. ನೀರು ದಿನಕ್ಕೆ ಕೆಲವೇ ಗಂಟೆ ಬರುವ ಊರುಗಳಲ್ಲಿ ಉಳಿದ ಹೊತ್ತೆಲ್ಲ ಕೊಳವೆ ಬರಿದಾಗಿರುತ್ತದೆ. ತುಕ್ಕು ತಿಂದ ಸೂಜಿಯ ಮೊನೆಯಷ್ಟು ತೂತಿದ್ದರೂ ಆಗ ಹೊರಗಿನ ಹೊಲಸು ಒಳಕ್ಕೆ ಎಳೆಯಲ್ಪಡುತ್ತದೆ. ಕೊಳವೆಗೆ ನೇರವಾಗಿ ಪಂಪು ಹಚ್ಚಿ ನೀರೆಳೆಯುವ ಮಹಾಶಯರು ಈ ಎಳೆತವನ್ನು ಇನ್ನಷ್ಟು ಹೆಚ್ಚಿಸಿ ಇಡೀ ಚಾಳಿಗೆ ಕಾಮಾಲೆ, ವಿಷಮಶೀತಜ್ವರಗಳನ್ನು ಹಂಚುತ್ತಾರೆ. ಬೆಳಗಿನ ಮೊದಲ ನೀರು ಕಲಕಾಗಿ ಬಂದರೆ ಅದನ್ನು ಕುಡಿಯಲು ಹಿಡಿಯಬಾರದು. ನಾತವೂ ಇದ್ದರೆ ತಡಮಾಡದೆ ನಗರಪಾಲಿಕೆಗೆ ದೂರು ಕೊಡಬೇಕು. ಮುಂಬಯಿಯಲ್ಲಿ ಇದಕ್ಕೆ ಮಹಾನಗರಪಾಲಿಕೆಯ 1916 ಎಂಬ ದೂರವಾಣಿ ಸಂಖ್ಯೆಯಿದೆ. ಗಟಾರದ ದೂರಿಗೂ ಅದೇ.

ಈಗ ಹೋಟೆಲಿನ ಮೋರಿಗೆ ಬರೋಣ. ಮನೆಯ ಮೋರಿ ಕಟ್ಟುವುದು ಕೂದಲಿನಿಂದಾದರೆ ಹೋಟೆಲಿನದು ಕಟ್ಟುವುದು ಜಿಡ್ಡಿನಿಂದ. ದಿಲ್ಲಿಯ ಚಳಿಯಲ್ಲಿ ಬಾಟಲಿಯೊಳಗೆ ಕಲ್ಲಾಗಿ ಕೂರುವ ಕೊಬ್ಬರಿ ಎಣ್ಣೆಯನ್ನು ಕಂಡವರಿಗೆ ಈ ವಿದ್ಯೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ತವೆಯ ಮೇಲೆ ಕರಗಿ ಹರಿಯುವ ತುಪ್ಪ, ಡಾಲ್ಡಾಗಳು ನೆಲದೊಳಗಿನ ತಣ್ಣನೆಯ ಕೊಳವೆಗೆ ಹೋದೊಡನೆ ಅದರ ಗೋಡೆಗೆ ಮೇಣದಂತೆ ಅಂಟುತ್ತವೆ. ಅದರ ಮೇಲೆ ಇಡ್ಲಿ ಹಿಟ್ಟು, ಸಾಂಬಾರಿನ ತಳದ ಬೇಳೆ, ಅನ್ನದ ಅಗುಳು ಬಂದು ಕೂರುತ್ತವೆ. ಕಾಫಿಯ ಚರಟ, ಚಹಾದ ಸೊಪ್ಪು ಭಾರವಾದವು; ಅವು ನೀರಿನೊಡನೆ ದೂರ ಹೋಗದೆ ಅಲ್ಲಲ್ಲಿಯೇ ತಳಕ್ಕೆ ಇಳಿಯುತ್ತವೆ. ಜಿಡ್ಡು, ಸಾಬೂನು, ನೀರಿನಲ್ಲಿರುವ ಸುಣ್ಣದ ಅಂಶ, ಈ ಮೂರೂ ಸೇರಿದಾಗ ಗಾರೆಯಂತೆ ಗಡುಸಾದ ಒಂದು ವಸ್ತು ಬೆಳೆಯುತ್ತದೆ. 4 ಅಂಗುಲದ ಕೊಳವೆ ತಿಂಗಳುಗಳಲ್ಲಿ 3 ಅಂಗುಲವಾಗಿ, ಮತ್ತೆ 2 ಅಂಗುಲವಾಗಿ, ಒಂದು ಭಾನುವಾರ ಗಿರಾಕಿಗಳು ಸಾಲು ನಿಂತಿರುವಾಗಲೇ ಪೂರ್ತಿ ಮುಚ್ಚಿಕೊಳ್ಳುತ್ತದೆ. ವಾರದ ಬೇರೆ ದಿನ ಅದು ಕಟ್ಟಿದ್ದನ್ನು ಯಾರೂ ಕಂಡಂತಿಲ್ಲ!

ಇದು ನಮ್ಮ ಅಡುಗೆಮನೆಗಳಿಗೆ ಮಾತ್ರ ಅಂಟಿದ ಶಾಪವಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಬೀದಿಯ ಕೆಳಗಣ ಗಟಾರದಲ್ಲಿ ಹೀಗೆಯೇ ಗಟ್ಟಿಯಾದ ಜಿಡ್ಡಿನ ಒಂದು ರಾಶಿ ಸಿಕ್ಕಿತು. ಅದರ ಉದ್ದ 250 ಮೀಟರು, ತೂಕ ಸುಮಾರು 130 ಟನ್ನು. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಅದರ ಒಂದು ತುಂಡನ್ನು ಮರುವರ್ಷ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಜನ ನೋಡಲೂ ಬಂದರು.

ಕುದಿನೀರು ಹೊಯ್ದರೆ ಜಿಡ್ಡು ಕರಗುವುದೆಂದು ಭಟ್ಟರು ಹೇಳುವುದುಂಟು. ಕರಗುವುದು ನಿಜ, ಆದರೆ ಹತ್ತು ಅಡಿ ಮುಂದೆ ಹೋಗಿ, ಯಾರ ಕೈಗೂ ಸಿಗದ ಕಡೆ ಮತ್ತೆ ಗಟ್ಟಿಯಾಗುತ್ತದೆ. ಹೋಟೆಲಿಗೆ ಸರಿಯಾದ ಉಪಾಯ ಜಿಡ್ಡಿನ ತೊಟ್ಟಿ, ಎಂದರೆ ಗ್ರೀಸ್ ಟ್ರ್ಯಾಪ್. ಮೋರಿಯಿಂದ ಹೊರಟ ನೀರು ಈ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಂತು ತಣಿಯುತ್ತದೆ. ಜಿಡ್ಡು ಮೇಲೆ ತೇಲುತ್ತದೆ, ಹಿಟ್ಟು ಬೇಳೆಗಳು ತಳಕ್ಕಿಳಿಯುತ್ತವೆ, ನಡುವಣ ನೀರು ಮಾತ್ರ ಮುಂದೆ ಹೋಗುತ್ತದೆ. ತೇಲಿದ ಜಿಡ್ಡು, ತಳದ ಕೆಸರು ಇವೆರಡೂ ಸೇರಿ ತೊಟ್ಟಿಯ ಆಳದ ಕಾಲು ಭಾಗವಾಗುವ ಮೊದಲೇ ತೆಗೆದುಹಾಕಬೇಕು; ಇಲ್ಲದಿದ್ದರೆ ತೊಟ್ಟಿ ಇದ್ದೂ ಇಲ್ಲದಂತೆ. ಗಿರಾಕಿ ಹೆಚ್ಚಿರುವ ಹೋಟೆಲಿನಲ್ಲಿ ಇದು ವಾರಕ್ಕೊಮ್ಮೆಯ ಕೆಲಸ, ಕೆಲವೆಡೆ ದಿನವಹಿ ಕೆಲಸ. ತೊಟ್ಟಿ ಕೈಗೆಟುಕುವಷ್ಟೇ ಆಳದ್ದಾಗಿ, ಮೇಲೆ ನಿಂತು ಸೌಟಿನಿಂದ ತೆಗೆಯುವಂತಿರಬೇಕು.

ತೊಟ್ಟಿಗಿಂತಲೂ ಅಗ್ಗದ ಉಪಾಯವೆಂದರೆ ತೊಳೆಯುವ ಮೊದಲು ಒರೆಸುವುದು. ಎಂಜಲನ್ನು ಬಕೆಟಿಗೆ ಸುರಿದು, ಎಣ್ಣೆಯ ಪಾತ್ರೆಯನ್ನು ರದ್ದಿ ಕಾಗದದಿಂದ ಉಜ್ಜಿ, ಆಮೇಲೆ ನೀರಿಗೆ ಹಾಕಿದರೆ ಅರ್ಧ ಪೀಡೆ ತಪ್ಪಿತು. ಹಗಲಿಡೀ ಸಾವಿರ ತಟ್ಟೆ ತೊಳೆಯುವ ಹುಡುಗನಿಗೆ ಒರೆಸುವಷ್ಟು ಸಮಯ ಕೊಡಬೇಕಾದವರು ಧಣಿಗಳು; ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕರಿದ ಎಣ್ಣೆಯನ್ನಂತೂ ಮೋರಿಗೆ ಸುರಿಯಲೇಬಾರದು. ಬಳಸಿ ಕೆಟ್ಟ ಎಣ್ಣೆಯನ್ನು ಹೋಟೆಲುಗಳಿಂದ ಸಂಗ್ರಹಿಸಿ ಡೀಸೆಲ್ಲಿಗೆ ಬದಲಾದ ಇಂಧನ ತಯಾರಿಸುವ ಯೋಜನೆಯನ್ನು ಕೇಂದ್ರ ಆಹಾರ ಸುರಕ್ಷಾ ಪ್ರಾಧಿಕಾರವು 2018ರಲ್ಲಿ ಪ್ರಾರಂಭಿಸಿತು. ಮೋರಿಯನ್ನು ಕಟ್ಟಿಸುವ ವಸ್ತುವಿಗೆ ಹೀಗೆ ಕಾಸೂ ಹುಟ್ಟುತ್ತದೆ.

ಆ್ಯಸಿಡ್ ಬಾಟಲಿಯ ವಿಷಯದಲ್ಲಿ ಕಟುವಾಗಿಯೇ ಎಚ್ಚರಿಸಬೇಕಾಗಿದೆ. ಮೋರಿ ಕಟ್ಟಿತೆಂದರೆ ಮೊದಲು ಆ್ಯಸಿಡ್, ಅದು ಸಾಲದೆಂದು ಬ್ಲೀಚಿಂಗ್ ಪುಡಿ, ಎಂಬ ದುರಭ್ಯಾಸ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಬೆಳೆದಿದೆ. ಇವೆರಡೂ ಸೇರಿದರೆ ಕ್ಲೋರೀನ್ ಎಂಬ ವಿಷವಾಯು ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು 1915ರಲ್ಲಿ ಬಿಟ್ಟ ಅನಿಲ ಇದೇ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದನ್ನು ಉಸಿರಾಡಿದವರ ಶ್ವಾಸಕೋಶದ ಗತಿಯನ್ನು ಊಹಿಸಬಹುದು. ಜಿಡ್ಡಿಗೆ ಆ್ಯಸಿಡ್ ಹೆಚ್ಚೇನೂ ಮಾಡದು. ಅದು ತಿನ್ನುವುದು ಕೊಳವೆಯ ಸಂದಿನ ಸಿಮೆಂಟನ್ನು, ಕಬ್ಬಿಣದ ಮೇಲಣ ಸತುವಿನ ಲೇಪವನ್ನು. ಕಾಸ್ಟಿಕ್ ಸೋಡಾ ಜಿಡ್ಡನ್ನು ಕರಗಿಸುತ್ತದೆ, ನಿಜ. ಆದರೆ ನೀರು ತಗಲಿದೊಡನೆ ಕುದಿದು ಸಿಡಿಯುವ ಆ ಪುಡಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಇವುಗಳನ್ನು ಸುರಿದೂ ನೀರು ಇಳಿಯದಿದ್ದರೆ, ಆಮೇಲೆ ಬಂದು ಕೈ ಹಾಕುವ ಪ್ಲಂಬರನಿಗೆ ಅದನ್ನು ಹೇಳುವುದು ನಮ್ಮ ಧರ್ಮ. ಹೇಳದೆ ಸುಮ್ಮನಿದ್ದವರಿಂದ ಕೈ ಸುಟ್ಟುಕೊಂಡ ಕೆಲಸಗಾರರುಂಟು.

ಈ ಪ್ಲಂಬರ್ ಯಾರು? ಹೆಸರಿನ ಮೂಲ ಲ್ಯಾಟಿನ್ ಭಾಷೆಯ ‘ಪ್ಲಂಬಮ್’, ಎಂದರೆ ಸೀಸ. ಹಿಂದೆ ಕೊಳವೆಗಳು ಸೀಸದವಾಗಿದ್ದವು. ಆದರೆ ನಮ್ಮ ವಾಚಕರಿಗೆ ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಬೇರೊಂದಿದೆ. ಹೋಟೆಲಿಗೆ ಉಡುಪಿ ಹೇಗೋ ಕೊಳವೆಯ ಕೆಲಸಕ್ಕೆ ಒಡಿಶಾದ ಕೇಂದ್ರಾಪಾರ ಜಿಲ್ಲೆ ಹಾಗೆ. ಅಲ್ಲಿನ ಪಟ್ಟಾಮುಂಡೈ ಸುತ್ತಲ ಹಳ್ಳಿಗಳವರು ಬ್ರಿಟಿಷರ ಕಾಲದಲ್ಲಿ ಕಲಕತ್ತೆಗೆ ಹೋಗಿ ಈ ಕಸಬನ್ನು ಕಲಿತರು. ಅಣ್ಣ ತಮ್ಮನನ್ನು ಕರೆಸಿಕೊಂಡ, ಮಾವ ಅಳಿಯನನ್ನು ಕರೆಸಿಕೊಂಡ. ಹೀಗೆ ದೇಶದ ಎಲ್ಲ ನಗರಗಳಿಗೂ, ಕೊಲ್ಲಿ ರಾಷ್ಟ್ರಗಳಿಗೂ ಹರಡಿದರು. ಪಟ್ಟಾಮುಂಡೈಯಲ್ಲಿ ಈ ವಿದ್ಯೆಗೆಂದೇ ಸರಕಾರದ ಒಂದು ಶಿಕ್ಷಣಸಂಸ್ಥೆಯಿದೆ. ನಮ್ಮ ಬಾಗಿಲಿಗೆ ಪಾನಾ ಹಿಡಿದು ಬರುವಾತ ನಮ್ಮಂತೆಯೇ ಊರು ಬಿಟ್ಟು ಬಂದವನು. ತಿಂಗಳ ಕೊನೆಗೆ ನಮ್ಮಂತೆಯೇ ಮನೆಗೆ ಹಣ ಕಳಿಸುವವನು. ಅವನ ಕೆಲಸವನ್ನು ‘ಎರಡು ತಿರುಪು ತಿರುಗಿಸಿದ್ದಕ್ಕೆ ಇಷ್ಟು ದುಡ್ಡೇ?’ ಎಂದು ಹೀಗಳೆಯುವವರು, ‘ಎರಡು ಇಡ್ಲಿಗೆ ಇಷ್ಟೇ?’ ಎನ್ನುವ ಗಿರಾಕಿಯನ್ನು ನೆನೆದುಕೊಂಡರೆ ಸಾಕು.

ಆದರೂ ವ್ಯವಹಾರ ವ್ಯವಹಾರವೇ. ಕೆಲಸಕ್ಕೆ ಮೊದಲು ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ತೆಗೆದ ಹಳೆಯ ಸಾಮಾನನ್ನು ಕೇಳಿ ನೋಡಬೇಕು. ಹೊಸ ಕೊಳವೆ ಹಾಕಿಸುವಾಗ ಇಳಿಜಾರನ್ನು ಗಮನಿಸತಕ್ಕದ್ದು. 4 ಅಂಗುಲದ ಕೊಳವೆಗೆ 40 ಅಡಿಗೆ 1 ಅಡಿ, 6 ಅಂಗುಲದ್ದಕ್ಕೆ 60 ಅಡಿಗೆ 1 ಅಡಿ ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಇಳಿಜಾರು ಸಾಲದಿದ್ದರೆ ಹೊಲಸು ಹರಿಯದೆ ಕೂರುತ್ತದೆ. ಗೋಡೆಗೆ ಗಾರೆ ಮೆತ್ತುವ ಮೊದಲು, ಆತ ಇನ್ನೂ ಅಲ್ಲಿರುವಾಗಲೇ, ತುಂಬಿದ ನಾಲ್ಕು ಬಕೆಟುಗಳನ್ನು ಒಟ್ಟಿಗೆ ಸುರಿದು ನೋಡಬೇಕು. ಒಂದು ಚೊಂಬು ನೀರಿಗೆ ಎಲ್ಲ ಕೊಳವೆಯೂ ಒಳ್ಳೆಯದೇ. ನಗರಪಾಲಿಕೆಯ ನೀರಿನ ಜೋಡಣೆಗೆ ಸಂಬಂಧಿಸಿದ ಕೆಲಸವಾದರೆ ಪಾಲಿಕೆಯ ಲೈಸೆನ್ಸು ಪಡೆದ ಪ್ಲಂಬರನಿಂದಲೇ ಮಾಡಿಸಬೇಕು. ಲೈಸೆನ್ಸನ್ನು ತೋರಿಸೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ಮೂರನೆಯ ಗಡಿ. ಹೋಟೆಲಿನ ಹಿಂಬದಿಯಲ್ಲಿ, ಚಾಳಿನ ಅಂಗಳದಲ್ಲಿ ಕಬ್ಬಿಣದ ಮುಚ್ಚಳ ಹೊದ್ದ ಚೇಂಬರು, ಊರ ಹೊರಗಿನ ಹೋಟೆಲುಗಳಲ್ಲಿ ಸೆಪ್ಟಿಕ್ ಟ್ಯಾಂಕು ಇರುತ್ತವೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ನೀರು ಹೋಗುತ್ತಿಲ್ಲವೆಂದು ತಿಳಿದು, ‘ಮಾರಾಯ, ನೀನು ಸಪುರ ಇದ್ದಿ, ಒಂದು ಸಲ ಇಳಿದು ನೋಡು’ ಎಂದು ಹುಡುಗನೊಬ್ಬನಿಗೆ ಹೇಳುವ ಮಾತಿನಲ್ಲಿ ದ್ವೇಷವೇನೂ ಇರುವುದಿಲ್ಲ. ನೂರು ರೂಪಾಯಿಯ ಇನಾಮೂ ಸಿಗಬಹುದು. ಆದರೆ ಆ ಮಾತು ಕೊಲ್ಲುವ ಮಾತು.

ಕೊಳೆತ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ಕೂಡಿಕೊಂಡಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ; ಹೆಚ್ಚಾದಾಗ ನಾತವೇ ತಿಳಿಯುವುದಿಲ್ಲ, ಏಕೆಂದರೆ ಮೂಗಿನ ಶಕ್ತಿಯನ್ನೇ ಅದು ಮೊದಲು ಕೊಲ್ಲುತ್ತದೆ. ‘ಈಗ ವಾಸನೆ ಕಡಿಮೆಯಾಯಿತು, ಇಳಿಯಬಹುದು’ ಎಂದುಕೊಳ್ಳುವ ಗಳಿಗೆಯೇ ಅತ್ಯಂತ ಅಪಾಯದ್ದು. ಒಂದೆರಡು ಉಸಿರಿಗೆ ಎಚ್ಚರ ತಪ್ಪುತ್ತದೆ. ಕಡ್ಡಿ ಗೀರಿ ನೋಡೋಣವೆನ್ನುವವರೂ ಇದ್ದಾರೆ; ಅಲ್ಲಿ ಉರಿಯುವ ಮೀಥೇನ್ ಅನಿಲವೂ ಇರುವುದರಿಂದ ಅದು ಸ್ಫೋಟಕ್ಕೆ ಕೊಟ್ಟ ಆಹ್ವಾನ.

2019ರ ಜೂನ್ ಮಧ್ಯದಲ್ಲಿ ಗುಜರಾತದ ವಡೋದರಾ ಜಿಲ್ಲೆಯ ಡಭೋಯಿ ಬಳಿಯ ಒಂದು ಹೋಟೆಲಿನಲ್ಲಿ ನಡೆದುದನ್ನು ಹೋಟೆಲ್ ಕೆಲಸಗಾರರೆಲ್ಲರೂ ತಿಳಿದಿರಬೇಕು. ಸೆಪ್ಟಿಕ್ ಟ್ಯಾಂಕು ಶುಚಿಗೊಳಿಸಲು ರಾತ್ರಿ ಕೆಲಸಗಾರರು ಬಂದರು. ಮೊದಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲೆಂದು ಜೊತೆಯವರು ಇಳಿದರು, ಅವರೂ ಬರಲಿಲ್ಲ. ಅವರನ್ನು ಉಳಿಸಲು ಹೋದವರು ಹೋಟೆಲಿನ ಕೆಲಸಗಾರರು. ಒಟ್ಟು ಏಳು ಮಂದಿ ಸತ್ತರು; ನಾಲ್ವರು ಶುಚಿಗೊಳಿಸಲು ಬಂದವರು, ಮೂವರು ಹೋಟೆಲಿನವರು. ಆ ಮೂವರಿಗೆ ಟ್ಯಾಂಕಿಗೂ ತಮಗೂ ಏನೂ ಸಂಬಂಧವಿರಲಿಲ್ಲ. ಕೂಗು ಕೇಳಿ ಓಡಿದರು, ಅಷ್ಟೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಲ ಹೊರುವ ವೃತ್ತಿಯನ್ನು ನಿಷೇಧಿಸಿದ 2013ರ ಅಧಿನಿಯಮವು, ರಕ್ಷಣಾ ಸಾಧನಗಳಿಲ್ಲದೆ ಗಟಾರ, ಸೆಪ್ಟಿಕ್ ಟ್ಯಾಂಕುಗಳಿಗೆ ಮನುಷ್ಯರನ್ನು ಇಳಿಸಿ ಶುಚಿಗೊಳಿಸುವುದನ್ನೂ ಅಪರಾಧವೆಂದು ಸಾರಿದೆ. ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷದವರೆಗೆ. ಇಳಿಸಿದವನು ಸರಕಾರದವನೇ ಆಗಿರಬೇಕೆಂದಿಲ್ಲ. ಖಾಸಗಿ ಧಣಿಗೂ ಗುತ್ತಿಗೆದಾರನಿಗೂ ಅದು ಅನ್ವಯಿಸುತ್ತದೆ. ಹುಡುಗ ತಾನಾಗಿ ಒಪ್ಪಿ ಇಳಿದನೆಂಬ ಸಮಜಾಯಿಷಿಯನ್ನು ಯಾವ ಧಣಿಯೂ ನೆಚ್ಚಿಕೊಳ್ಳಬಾರದು.

ಹಾಗಾದರೆ ಚೇಂಬರು ಕಟ್ಟಿದಾಗ ಮಾಡುವುದೇನು? ಹೊರಗೆ ನಿಂತು ಬೆತ್ತದ ಇಲ್ಲವೆ ಉಕ್ಕಿನ ಸಲಾಕೆಗಳನ್ನು ಒಂದಕ್ಕೊಂದು ಜೋಡಿಸಿ ತಳ್ಳುವುದು ಹಳೆಯ ಕ್ರಮ. ಒತ್ತಡದ ನೀರಿನಿಂದ ಹೊಡೆದು ಹೊಲಸನ್ನು ಹೀರಿಕೊಳ್ಳುವ ಲಾರಿಗಳು ಈಗ ನಗರಗಳಲ್ಲೆಲ್ಲ ದೊರೆಯುತ್ತವೆ. ಪಾಲಿಕೆಯಲ್ಲಿಯೂ ಇವೆ, ಬಾಡಿಗೆಗೂ ಬರುತ್ತವೆ. ಒಂದು ರಾತ್ರಿ ಹೋಟೆಲಿನ ಮೋರಿಯನ್ನು ಬಳಸದೆ ಬೆಳಿಗ್ಗೆ ಲಾರಿ ಕರೆಸಿದರೆ ಆಗುವ ನಷ್ಟ ಒಂದು ಹೊತ್ತಿನ ವ್ಯಾಪಾರ. ಬೀದಿಯ ಮ್ಯಾನ್‌ಹೋಲಿನ ಮುಚ್ಚಳವನ್ನಂತೂ ನಾವಾಗಿ ತೆಗೆಯಲೇಬಾರದು. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ಮುಂಬಯಿಯ ಒಬ್ಬ ಹೆಸರಾಂತ ವೈದ್ಯರು, ನೀರು ಇಳಿಯಲೆಂದು ಯಾರೋ ತೆರೆದಿಟ್ಟಿದ್ದ ಮ್ಯಾನ್‌ಹೋಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. ತೆರೆದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು.

ಯಾರಾದರೂ ಬಿದ್ದೇಬಿಟ್ಟರೆ, ಬಿದ್ದವನು ಸ್ವಂತ ತಮ್ಮನಾದರೂ ಹಿಂದೆಯೇ ಇಳಿಯಬಾರದು. ಅಗ್ನಿಶಾಮಕ ದಳಕ್ಕೆ 101, ಇಲ್ಲವೆ 112ಕ್ಕೆ ಕರೆ ಮಾಡಬೇಕು; ಅಕ್ಕಪಕ್ಕದ ಮುಚ್ಚಳಗಳ ಬಳಿ ಜನ ಸೇರದಂತೆ ನೋಡಿಕೊಂಡು, ಹಗ್ಗ ಬಿಟ್ಟು ಮೇಲಿಂದಲೇ ಎಳೆಯಲು ಆಗುವುದಾದರೆ ಮಾತ್ರ ಎಳೆಯಬೇಕು. ಗುಂಡಿಯ ಬಾಯಿಗೆ ಮುಖವಿಟ್ಟು ಬಗ್ಗಿ ನೋಡುವುದೂ ಕೂಡದು. ಗಟಾರ, ಟ್ಯಾಂಕುಗಳಲ್ಲಿ ಶುಚಿ ಕೆಲಸಕ್ಕೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2014ರ ಮಾರ್ಚಿನಲ್ಲಿ ವಿಧಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲರಾದವರಿಗೆ 20 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದೂ ಹೇಳಿತು. ಇಂಥ ಅವಘಡದಲ್ಲಿ ಮಗನನ್ನು ಕಳೆದುಕೊಂಡ ಊರಿನ ತಂದೆತಾಯಿಗಳಿಗೆ ಈ ತೀರ್ಪುಗಳ ಸುದ್ದಿ ಮುಟ್ಟದೆ, ಯಾರೋ ಕೈಗಿಟ್ಟ ಅಲ್ಪಸ್ವಲ್ಪಕ್ಕೆ ಹೆಬ್ಬೆಟ್ಟು ಒತ್ತಿ ಮರಳುವ ಸಂಭವವಿದೆ. ಅಂಥ ಸಂದರ್ಭದಲ್ಲಿ ಪೊಲೀಸು ಠಾಣೆಯಲ್ಲಿ ಪ್ರಥಮ ವರ್ತಮಾನ ದಾಖಲಾಗುವಂತೆ ನೋಡಿಕೊಂಡು, ಅದರ ಪ್ರತಿಯೊಡನೆ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಬರೆದುಕೊಡಬೇಕು. ಅರ್ಜಿ ಬರೆಯಬಲ್ಲ ಗುಮಾಸ್ತರು ಪ್ರತಿಯೊಂದು ಚಾಳಿನಲ್ಲಿಯೂ ಇದ್ದಾರೆ.